ಸಿಗ್ನಲ್ ತುಂಬಿದೆ, ವೀಡಿಯೊ ಏಕೆ ನಿಲ್ಲುತ್ತದೆ? ರಿಲೇ ಜಾಲದಲ್ಲಿ ಬ್ಯಾಂಡ್‌ವಿಡ್ತ್ ಹಂಚುವ ಲೆಕ್ಕ

ಮುಂಬಯಿಯ ಮಾಟುಂಗಾ, ಚೆಂಬೂರು, ಘಾಟ್ಕೋಪರ್, ಮುಲುಂಡ್ ಕಡೆಗಳಲ್ಲಿ ನಾಲ್ಕಂತಸ್ತಿನ ಹಳೆಯ ಸೊಸೈಟಿಗಳು ಒಂದೊಂದಾಗಿ ನೆಲಕ್ಕುರುಳಿ, ಅದೇ ಜಾಗದಲ್ಲಿ ಎತ್ತರದ ಟವರ್‌ಗಳು ಏಳುತ್ತಿವೆ. ತಲೆಮಾರುಗಳಿಂದ ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳೂ ಹೊಸ ಮನೆಯ ಕೀಲಿಕೈ ಪಡೆಯುತ್ತಿವೆ. ಹಳೆಯ ಮನೆಯದು ಇಟ್ಟಿಗೆಯ ಗೋಡೆ. ಹೊಸ ಮನೆಗಳಲ್ಲಿ ಹಲವೆಡೆ ಒಳಗೋಡೆಗಳೂ ಪೂರ್ತಿ ಕಾಂಕ್ರೀಟು. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ಛಾವಣಿಗಳನ್ನು ಒಟ್ಟಿಗೆ ಎರಕ ಹೊಯ್ಯುವ ಈ ವಿಧಾನವನ್ನು ಬಿಲ್ಡರುಗಳು ಮೈವಾನ್ ಎನ್ನುತ್ತಾರೆ. ಕೆಲಸ ಬೇಗ ಮುಗಿಯುತ್ತದೆ, ಗೋಡೆಯೂ ಗಟ್ಟಿ. ಆದರೆ ಸರಳು ತುಂಬಿದ ಕಾಂಕ್ರೀಟು ರೇಡಿಯೊ ಅಲೆಯನ್ನು ಇಟ್ಟಿಗೆಗಿಂತ ಹೆಚ್ಚು ತಡೆಯುತ್ತದೆ. ಫೈಬರ್ ತಂತಿ ಮುಂಬಾಗಿಲ ಬಳಿ ಒಳಬರುತ್ತದೆ, ರೂಟರ್ ಅಲ್ಲೇ ಕೂರುತ್ತದೆ, ಕೊನೆಯ ಮಲಗುವ ಕೋಣೆಗೆ ವೈ-ಫೈ ಸೋತು ಸೊರಗಿ ತಲುಪುತ್ತದೆ.

ಆಗ ರೂಟರಿನ ಸಂಕೇತವನ್ನು ಹಿಡಿದು ಮುಂದಿನ ಕೋಣೆಗೆ ದಾಟಿಸುವ ರಿಪೀಟರ್ ಎಂಬ ಪುಟ್ಟ ಪೆಟ್ಟಿಗೆ ಮನೆಗೆ ಬರುತ್ತದೆ. ಕೋಣೆಯ ಪ್ಲಗ್ಗಿಗೆ ಹಚ್ಚಿದ ಕೂಡಲೇ ಫೋನಿನ ಸಿಗ್ನಲ್ ಗೆರೆಗಳೆಲ್ಲ ತುಂಬುತ್ತವೆ. ಆದರೂ ಊರಿನಿಂದ ಬರುತ್ತಿರುವ ಯಕ್ಷಗಾನದ ನೇರ ಪ್ರಸಾರ ನಡುವೆ ನಿಂತು ಸುತ್ತತೊಡಗುತ್ತದೆ. ಉಪಕರಣ ಕೆಟ್ಟಿದೆ ಎಂದು ಇನ್ನೊಂದು ತಂದರೂ ಅದೇ ಕಥೆ. ದೋಷ ಬಹುತೇಕ ಉಪಕರಣದ್ದಲ್ಲ, ಹಂಚಿಕೆಯದು. ಸಂಕೇತವನ್ನು ನಡುವೆ ಒಬ್ಬರು ಹಿಡಿದು ಮುಂದಕ್ಕೆ ದಾಟಿಸುವ ವ್ಯವಸ್ಥೆಗೆ ರಿಲೇ ಜಾಲ ಎಂದು ಹೆಸರು. ಮನೆಯ ರಿಪೀಟರ್, ಹಲವು ಪೆಟ್ಟಿಗೆಗಳು ಸಂಕೇತವನ್ನು ಒಂದಕ್ಕೊಂದು ದಾಟಿಸುವ ಮೆಶ್ ವೈ-ಫೈ, 5ಜಿಯ ಕೆಲವು ಕಿರುಗೋಪುರಗಳು ಎಲ್ಲವೂ ಇದೇ ಕುಲದವು. ಈ ಜಾಲದಲ್ಲಿ ಗಾಳಿಯನ್ನು, ಅಂದರೆ ಅಲೆ ಸಾಗುವ ದಾರಿಯನ್ನು, ಯಾರಿಗೆ ಎಷ್ಟು ಹೊತ್ತು ಕೊಡಬೇಕು ಎಂಬ ಲೆಕ್ಕ ತಪ್ಪಿದರೆ ಗೆರೆಗಳು ತುಂಬಿದ್ದೂ ವೇಗ ಸಿಗುವುದಿಲ್ಲ.

## ಹಂಚುವುದು ಏನನ್ನು?

ರೇಡಿಯೊ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದು ಅದರ ಕಂಪನಾಂಕ. ಒಂದು ಸಂಪರ್ಕಕ್ಕೆ ಬಿಟ್ಟುಕೊಟ್ಟ ಕಂಪನಾಂಕಗಳ ಪಟ್ಟಿ ಎಷ್ಟು ಅಗಲವಾಗಿದೆ ಎಂಬುದೇ ಬ್ಯಾಂಡ್‌ವಿಡ್ತ್. ದಿನಬಳಕೆಯಲ್ಲಿ ಇಂಟರ್ನೆಟ್ ವೇಗಕ್ಕೂ ಬ್ಯಾಂಡ್‌ವಿಡ್ತ್ ಎನ್ನುವುದುಂಟು. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ: ಪಟ್ಟಿ ಅಗಲವಾದಷ್ಟೂ ವೇಗ ಹೆಚ್ಚು. ಕ್ಲಾಡ್ ಶಾನನ್ 1948ರಲ್ಲಿ ಇದಕ್ಕೆ ಗಣಿತದ ಸೂತ್ರ ಕೊಟ್ಟರು. ಸಂಕೇತ ಮತ್ತು ಗದ್ದಲದ ಅನುಪಾತ ಬದಲಾಗದೆ ಪಟ್ಟಿಯ ಅಗಲ ಇಮ್ಮಡಿಯಾದರೆ ಸಾಗಿಸಬಹುದಾದ ಮಾಹಿತಿಯೂ ಇಮ್ಮಡಿಯಾಗುತ್ತದೆ. ಆದರೆ ಸಂಕೇತದ ಬಲವನ್ನು ಮಾತ್ರ ಇಮ್ಮಡಿಸಿದರೆ, ಸಂಪರ್ಕ ಮೊದಲೇ ಚೆನ್ನಾಗಿದ್ದಲ್ಲಿ, ಸಿಗುವ ಲಾಭ ಚೂರೇ ಚೂರು. ಇದರಿಂದಾಗಿಯೇ ಪಟ್ಟಿಗೆ ಅಷ್ಟು ಬೆಲೆ. 2022ರ ಹರಾಜಿನಲ್ಲಿ ಭಾರತದ ಕಂಪನಿಗಳು ಸ್ಪೆಕ್ಟ್ರಮ್‌ಗೆ, ಅಂದರೆ ಇಂಥ ಪಟ್ಟಿಗಳಿಗೆ, ಸುಮಾರು 1.5 ಲಕ್ಷ ಕೋಟಿ ರೂಪಾಯಿಯ ಬಿಡ್ ಹಾಕಿದವು. ಈ ಮಾರಾಟ ವಲಯವಾರು ನಡೆಯುತ್ತದೆ. ದೂರಸಂಪರ್ಕದ ನಕ್ಷೆಯಲ್ಲಿ ಮುಂಬಯಿಯೇ ಒಂದು ಪ್ರತ್ಯೇಕ ವಲಯ. ಪುಣೆ ಮತ್ತು ಗೋವಾ ಎರಡೂ ಮಹಾರಾಷ್ಟ್ರ ವಲಯಕ್ಕೆ ಸೇರಿವೆ.

ವೈ-ಫೈ ಪಟ್ಟಿಗಳಿಗೆ ಹರಾಜಿಲ್ಲ, ಪರವಾನಗಿಯೂ ಬೇಡ. 2.4 ಗಿಗಾಹರ್ಟ್ಸ್‌ನಲ್ಲಿ ನಮಗೆ ಬಿಟ್ಟಿರುವುದು 2400ರಿಂದ 2483.5 ಮೆಗಾಹರ್ಟ್ಸ್ ತನಕ. ಅಷ್ಟರಲ್ಲಿ 20 ಮೆಗಾಹರ್ಟ್ಸ್ ಅಗಲದ ಚಾನೆಲ್‌ಗಳನ್ನು ಒಂದರ ಮೇಲೊಂದು ಬೀಳದಂತೆ ಕೂರಿಸಿದರೆ ಸಾಮಾನ್ಯವಾಗಿ ಮೂರೇ ಹಿಡಿಸುತ್ತವೆ, 1, 6 ಮತ್ತು 11. ಒಂದು ಮಹಡಿಗೆ ಆರು ಮನೆಗಳಿರುವ ಟವರಿನಲ್ಲಿ ಮೇಲಿನ, ಕೆಳಗಿನ, ಪಕ್ಕದ ರೂಟರುಗಳೆಲ್ಲ ಈ ಮೂರರಲ್ಲೇ ಹೊಂದಿಕೊಳ್ಳಬೇಕು. 5 ಗಿಗಾಹರ್ಟ್ಸ್ ವಿಶಾಲ; 2018ರ ನಿಯಮದ ಪ್ರಕಾರ ಅಲ್ಲಿ ಒಟ್ಟು 605 ಮೆಗಾಹರ್ಟ್ಸ್ ಮುಕ್ತವಾಗಿದೆ. ಆದರೆ ಆ ಅಲೆ ಕಾಂಕ್ರೀಟಿಗೆ ಬೇಗ ಸೋಲುತ್ತದೆ.

ಹಂಚುವುದಕ್ಕೆ ಎರಡು ದಾರಿಗಳಿವೆ. ಪಟ್ಟಿಯನ್ನು ಸೀಳಿ ಒಬ್ಬೊಬ್ಬರಿಗೆ ಒಂದೊಂದು ಸೀಳು ಕೊಡಬಹುದು, ಅಥವಾ ಇಡೀ ಪಟ್ಟಿಯನ್ನು ಸರದಿಯಂತೆ ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪ ಹೊತ್ತು ಕೊಡಬಹುದು. ಹಳೆಯ ವೈ-ಫೈ ಎರಡನೆಯ ದಾರಿಯನ್ನಷ್ಟೇ ಬಲ್ಲದು. ವೈ-ಫೈ 6 ಮತ್ತು ಮೊಬೈಲ್ ಜಾಲಗಳು ಎರಡನ್ನೂ ಬೆರೆಸುತ್ತವೆ. ಮುಂದಿನ ಲೆಕ್ಕಗಳಲ್ಲಿ ಸಮಯದ ಹಂಚಿಕೆಯನ್ನೇ ಇಟ್ಟುಕೊಳ್ಳೋಣ.

## ರಿಲೇ ಅರ್ಧ ನುಂಗುವುದು ಏಕೆ?

ಮುಂಬಯಿಯ ಕನ್ನಡ ಸಂಘವೊಂದರ ಸಭೆಯನ್ನು ನೆನೆಯಿರಿ. ಅತಿಥಿಗಳು ಕನ್ನಡದಲ್ಲಿ ಮಾತನಾಡುತ್ತಾರೆ, ಮರಾಠಿ ಮಿತ್ರರಿಗಾಗಿ ಪಕ್ಕದಲ್ಲಿ ಅನುವಾದಕರೊಬ್ಬರು ನಿಂತಿದ್ದಾರೆ, ಮೈಕು ಒಂದೇ. ಅತಿಥಿಗಳು ನಾಲ್ಕು ವಾಕ್ಯ ಹೇಳಿ ನಿಲ್ಲಿಸಬೇಕು. ಅನುವಾದಕರು ಅದನ್ನು ಮರಾಠಿಯಲ್ಲಿ ಹೇಳಿ ಮುಗಿಸುವ ತನಕ ಸುಮ್ಮನಿರಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆರೆದರೆ ಯಾರ ಮಾತೂ ತಿಳಿಯುವುದಿಲ್ಲ. ಹೀಗೆ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಅತಿಥಿಗಳ ಪಾಲಿಗೆ ಉಳಿಯುವುದು ಅರ್ಧ ಗಂಟೆಯ ಮಾತು.

ರಿಪೀಟರ್ ಇರುವುದು ಆ ಅನುವಾದಕರ ಜಾಗದಲ್ಲಿ. ಅದು ರೂಟರಿನಿಂದ ಒಂದು ತುಣುಕು ಮಾಹಿತಿ ಕೇಳಿಸಿಕೊಳ್ಳುತ್ತದೆ, ಬಿಡಿಸಿ ತಪ್ಪುಗಳನ್ನು ತಿದ್ದುತ್ತದೆ, ಮತ್ತೆ ಕಟ್ಟಿ ಫೋನಿಗೆ ಕಳುಹಿಸುತ್ತದೆ. ಅದೇ ಚಾನೆಲ್‌ನಲ್ಲಿ ತಾನೇ ಪ್ರಸಾರ ಮಾಡುತ್ತಿರುವಾಗ ಅದರ ಸ್ವಂತ ಸಂಕೇತ ರೂಟರಿನ ಕ್ಷೀಣ ದನಿಗಿಂತ ಲಕ್ಷಾಂತರ ಪಟ್ಟು ಬಲವಾಗಿರುತ್ತದೆ. ಆ ಅಬ್ಬರದ ನಡುವೆ ರೂಟರ್ ಹೇಳುವುದು ಕೇಳಿಸದು. ಆದ್ದರಿಂದ ಒಂದೇ ಪಟ್ಟಿಯಲ್ಲಿ ಕೇಳುವುದು ಮತ್ತು ಹೇಳುವುದು ಸರದಿಯಂತೆಯೇ ನಡೆಯಬೇಕು. ಪ್ರತಿಯೊಂದು ತುಣುಕೂ ಗಾಳಿಯಲ್ಲಿ ಎರಡು ಸಲ ಸಾಗುತ್ತದೆ. ಹೀಗೆ ಸಾಗುವ ಒಂದೊಂದು ಹಂತಕ್ಕೂ ತಂತ್ರಜ್ಞರು ಹಾಪ್ ಎನ್ನುತ್ತಾರೆ.

## ಸಮ ಪಾಲು ಕೊಟ್ಟರೆ ಸಾಲದು

ಇಷ್ಟು ತಿಳಿದವರು ಅರ್ಧ ಸಮಯ ರೂಟರಿಗೆ, ಅರ್ಧ ಸಮಯ ರಿಲೇಗೆ ಕೊಟ್ಟರಾಯಿತು ಎನ್ನಬಹುದು. ನೋಡಲು ನ್ಯಾಯವಾಗಿಯೇ ಇದೆ. ಒಂದು ಲೆಕ್ಕ ಮಾಡಿ ನೋಡೋಣ.

ರೂಟರಿನಿಂದ ರಿಲೇಗೆ ಹೋಗುವ ಹಾಪ್ ಪೂರ್ತಿ ಸಮಯ ಸಿಕ್ಕಿದರೆ ಸೆಕೆಂಡಿಗೆ 300 ಮೆಗಾಬಿಟ್ ಸಾಗಿಸಬಲ್ಲದು ಎಂದಿಟ್ಟುಕೊಳ್ಳಿ. ರಿಲೇಯಿಂದ ಫೋನಿಗೆ ನಡುವೆ ಗೋಡೆ ಇರುವುದರಿಂದ 150 ಮಾತ್ರ. ಸಮಯವನ್ನು ಸರಿ ಅರ್ಧ ಮಾಡಿದರೆ ರಿಲೇಗೆ ಬಂದು ಬೀಳುವುದು 150, ಅಲ್ಲಿಂದ ಹೊರಡುವುದು 75. ಫೋನಿಗೆ ದಕ್ಕುವುದು 75 ಮಾತ್ರ. ಉಳಿದ 75 ಪ್ರತಿ ಸೆಕೆಂಡೂ ರಿಲೇಯ ಸ್ಮೃತಿಯಲ್ಲಿ ಪೇರುತ್ತಾ ಹೋಗುತ್ತದೆ. ಆ ಸ್ಮೃತಿ ತುಂಬಿದ ಮೇಲೆ ಬಂದ ತುಣುಕುಗಳು ಬಿದ್ದುಹೋಗುತ್ತವೆ, ಅವನ್ನು ಮತ್ತೆ ಕಳುಹಿಸಬೇಕಾಗುತ್ತದೆ. ವೀಡಿಯೊ ಕರೆಯಲ್ಲಿ ಎದುರಿನವರ ಮಾತು ತಡವಾಗಿ ಬರುವುದಕ್ಕೆ ರಿಲೇಯಲ್ಲಿ ಹೀಗೆ ಕಾದು ನಿಂತ ತುಣುಕುಗಳ ಸಾಲು ಒಂದು ಸಾಮಾನ್ಯ ಕಾರಣ. ರೂಟರಿಗೆ ಕೊಟ್ಟ ಸಮಯದಲ್ಲಿ ಅರ್ಧದಷ್ಟು ಪೋಲಾಯಿತು ಎಂದೇ ಅರ್ಥ.

ಈಗ ಮೂರರಲ್ಲಿ ಒಂದು ಪಾಲನ್ನು ರೂಟರಿಗೆ, ಎರಡು ಪಾಲನ್ನು ರಿಲೇಗೆ ಕೊಡಿ. 300ರ ಮೂರನೆಯ ಒಂದು ಭಾಗ 100. 150ರ ಮೂರನೆಯ ಎರಡು ಭಾಗವೂ 100. ಒಳಬಂದದ್ದೆಲ್ಲ ಹೊರಗೆ ಹೋಗುತ್ತದೆ, ಎಲ್ಲೂ ಪೇರುವುದಿಲ್ಲ. 75 ಇದ್ದದ್ದು 100 ಆಯಿತು. ಹೊಸ ಸ್ಪೆಕ್ಟ್ರಮ್ ಬೇಕಾಗಲಿಲ್ಲ, ಹೊಸ ಉಪಕರಣವೂ ಬೇಕಾಗಲಿಲ್ಲ, ಸರದಿಯ ಅವಧಿ ಬದಲಾಯಿತು, ಅಷ್ಟೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಈ ಭಾಗ. ನಿಯಮವೂ ಸರಳ: ನಿಧಾನದ ಹಾಪ್‌ಗೆ ಹೆಚ್ಚು ಹೊತ್ತು, ವೇಗದ ಹಾಪ್‌ಗೆ ಕಡಿಮೆ ಹೊತ್ತು. ಸಭೆಯಲ್ಲಿ ಅನುವಾದಕರು ನಿಧಾನಸ್ಥರಾದರೆ ಮೈಕು ಅವರ ಕೈಯಲ್ಲಿ ಹೆಚ್ಚು ಹೊತ್ತು ಇರಬೇಕಲ್ಲವೇ, ಹಾಗೆ.

ಹೀಗೆ ಸರಿಯಾಗಿ ಹಂಚಿದಾಗ ಸಿಗುವ ವೇಗವನ್ನು ಕಂಡುಹಿಡಿಯಲು ಎರಡು ಹಾಪ್‌ಗಳ ವೇಗಗಳನ್ನು ಗುಣಿಸಿ, ಬಂದದ್ದನ್ನು ಅವುಗಳ ಮೊತ್ತದಿಂದ ಭಾಗಿಸಬೇಕು. 300 ಗುಣಿಲೆ 150 ಎಂದರೆ 45,000. ಅದನ್ನು 450ರಿಂದ ಭಾಗಿಸಿದರೆ 100. ಇದೇ ಸೂತ್ರ ರಿಪೀಟರನ್ನು ಎಲ್ಲಿ ಇಡಬೇಕು ಎಂಬುದನ್ನೂ ಹೇಳುತ್ತದೆ.

ಬಹಳ ಜನ ರಿಪೀಟರನ್ನು ಸಿಗ್ನಲ್ ಸಿಗದ ಕೋಣೆಯಲ್ಲೇ, ಮಂಚದ ಪಕ್ಕದ ಪ್ಲಗ್ಗಿಗೆ ಹಚ್ಚುತ್ತಾರೆ. ರೂಟರಿನಿಂದ ಆ ಕೋಣೆಗೆ ನೇರವಾಗಿ 60 ಮೆಗಾಬಿಟ್ ಬರುತ್ತಿತ್ತು ಎನ್ನೋಣ. ರಿಪೀಟರಿಗೂ ಅಲ್ಲಿ ಬರುವುದು ಅದೇ 60. ಅದರಿಂದ ಕೈಯಲ್ಲಿರುವ ಫೋನಿಗೆ ಅಡ್ಡಿಯಿಲ್ಲದೆ 600. ಸೂತ್ರಕ್ಕೆ ಹಾಕಿದರೆ ಸಿಗುವುದು 54.5. ರಿಪೀಟರ್ ಇಲ್ಲದಿದ್ದಾಗ 60 ಇತ್ತು, ದುಡ್ಡು ಕೊಟ್ಟು ತಂದ ಮೇಲೆ ಇಳಿಯಿತು! ಆದರೆ ಫೋನಿನ ಗೆರೆಗಳು ಮಾತ್ರ ತುಂಬಿವೆ, ಏಕೆಂದರೆ ಅವು ತೋರಿಸುವುದು ಫೋನು ಮತ್ತು ರಿಪೀಟರ್ ನಡುವಿನ ಕೊನೆಯ ಹಾಪನ್ನಷ್ಟೇ. ಹಿಂದಿನ ಹಾಪಿನ ದುರ್ಬಲತೆ ಅವುಗಳಿಗೆ ತಿಳಿಯುವುದೇ ಇಲ್ಲ. ಅದೇ ರಿಪೀಟರನ್ನು ನಡುವಿನ ಪಡಸಾಲೆಗೆ ತಂದು, ಎರಡೂ ಕಡೆ 300 ಸಿಕ್ಕಿತು ಎನ್ನಿ: ಈಗ ದಕ್ಕುವುದು 150. ಗೆರೆ ಒಂದು ಕಡಿಮೆಯಾಗಬಹುದು, ವೀಡಿಯೊ ನಿಲ್ಲುವುದಿಲ್ಲ.

ಇವೆಲ್ಲ ಆದರ್ಶ ಲೆಕ್ಕಗಳು. ನಿಜವಾದ ವೈ-ಫೈಯಲ್ಲಿ ಪ್ರತಿ ಸಾಧನವೂ ಮಾತನಾಡುವ ಮುನ್ನ ಗಾಳಿ ಖಾಲಿಯಿದೆಯೇ ಎಂದು ಕಿವಿಗೊಟ್ಟು, ಒಂದಿಷ್ಟು ಕಾದು, ಆಮೇಲೆ ಕಳುಹಿಸುತ್ತದೆ. ಆ ಕಾಯುವಿಕೆ, ಮರುಪ್ರಯತ್ನ, ನೆರೆಮನೆಯ ರೂಟರಿನ ಗದ್ದಲ ಎಲ್ಲ ಸೇರಿ ಅಂಕಿಗಳನ್ನು ಇನ್ನಷ್ಟು ಇಳಿಸುತ್ತವೆ.

## ಅಜ್ಜಿಯ ಫೋನು, ಮೊಮ್ಮಗನ ಲ್ಯಾಪ್‌ಟಾಪು

ಮನೆಯಲ್ಲಿ ಒಂದೇ ಸಾಧನ ಇರುವುದಿಲ್ಲ. ಹಾಲ್‌ನಲ್ಲಿ ರೂಟರಿನ ಎದುರೇ ಕುಳಿತ ಮೊಮ್ಮಗನ ಲ್ಯಾಪ್‌ಟಾಪಿಗೆ ಪೂರ್ತಿ ಸಮಯ ಕೊಟ್ಟರೆ 400 ಮೆಗಾಬಿಟ್ ಸಿಗುತ್ತದೆ. ಕೊನೆಯ ಕೋಣೆಯ ಅಜ್ಜಿಯ ಫೋನಿಗೆ ರಿಲೇ ಮೂಲಕ, ಪೂರ್ತಿ ಸಮಯ ಕೊಟ್ಟರೂ, ಮೇಲಿನ ಲೆಕ್ಕದಂತೆ 100. ಗಾಳಿ ಇಬ್ಬರಿಗೂ ಒಂದೇ. ಹೇಗೆ ಹಂಚುವುದು?

ಒಟ್ಟು ವೇಗವೇ ಮುಖ್ಯ ಎಂದರೆ ಎಲ್ಲ ಸಮಯವನ್ನೂ ಲ್ಯಾಪ್‌ಟಾಪಿಗೆ ಕೊಡಬೇಕು. ಮೊತ್ತ 400, ಅಜ್ಜಿಗೆ ಸೊನ್ನೆ. ಇಬ್ಬರಿಗೂ ಒಂದೇ ವೇಗ ಸಿಗಲಿ ಎಂದರೆ ತಲಾ 80 ಬರುತ್ತದೆ, ಆದರೆ ಅಜ್ಜಿಯ ಫೋನೇ ಸಮಯದ ಐದರಲ್ಲಿ ನಾಲ್ಕು ಪಾಲು ನುಂಗುತ್ತದೆ, ಮೊತ್ತ 160ಕ್ಕೆ ಕುಸಿಯುತ್ತದೆ. ಹಳೆಯ ವೈ-ಫೈಯ ನಡವಳಿಕೆ ಹೆಚ್ಚುಕಡಿಮೆ ಹೀಗೆಯೇ ಇತ್ತು. ಅದು ಸಮನಾಗಿ ಹಂಚಿದ್ದು ಸರದಿಯನ್ನು, ಸಮಯವನ್ನಲ್ಲ. ನಿಧಾನದ ಸಾಧನ ತನ್ನ ಒಂದು ಸರದಿಯಲ್ಲೇ ಬಹಳ ಹೊತ್ತು ಗಾಳಿಯನ್ನು ಹಿಡಿದಿಡುತ್ತಿತ್ತು. ಒಂದು ನಿಧಾನದ ಸಾಧನ ಉಳಿದೆಲ್ಲರ ವೇಗವನ್ನೂ ಕೆಳಗೆಳೆಯುವುದನ್ನು 2003ರಲ್ಲೇ ಸಂಶೋಧಕರು ಲೆಕ್ಕಸಮೇತ ತೋರಿಸಿದ್ದಾರೆ.

ಮೂರನೆಯ ದಾರಿ ಸಮಯವನ್ನೇ ಸಮನಾಗಿ ಕೊಡುವುದು. ಆಗ ಲ್ಯಾಪ್‌ಟಾಪಿಗೆ 200, ಅಜ್ಜಿಗೆ 50, ಮೊತ್ತ 250. ಅಜ್ಜಿಯ ಪಾಲಿನ ಅರ್ಧ ಸಮಯದಲ್ಲೂ ಒಳಹಂಚಿಕೆ ಇದೆ: ಒಟ್ಟು ಸಮಯದ ಆರನೆಯ ಒಂದು ಭಾಗ ರೂಟರ್-ರಿಲೇ ಹಾಪ್‌ಗೆ, ಮೂರನೆಯ ಒಂದು ಭಾಗ ರಿಲೇ-ಫೋನ್ ಹಾಪ್‌ಗೆ. ಒಬ್ಬರಿಗೆ ಶೇಕಡಾ ಎಷ್ಟು ಲಾಭ, ಇನ್ನೊಬ್ಬರಿಗೆ ಶೇಕಡಾ ಎಷ್ಟು ನಷ್ಟ ಎಂದು ತೂಗಿ, ನಷ್ಟದ ಶೇಕಡಾವಾರು ಲಾಭಕ್ಕಿಂತ ಹೆಚ್ಚಾಗುವ ಯಾವ ಬದಲಾವಣೆಯನ್ನೂ ಒಪ್ಪದ ಈ ಪದ್ಧತಿಗೆ ಅನುಪಾತದ ನ್ಯಾಯ ಎನ್ನಬಹುದು. 1990ರ ದಶಕದ ಕೊನೆಯಲ್ಲಿ ಕೇಂಬ್ರಿಜ್‌ನ ಫ್ರಾಂಕ್ ಕೆಲಿ ಇದಕ್ಕೆ ಗಣಿತದ ರೂಪ ಕೊಟ್ಟರು; ಮೊಬೈಲ್ ಗೋಪುರಗಳು ಹತ್ತಿರದವರಿಗೂ ದೂರದವರಿಗೂ ಸಮಯ ಹಂಚುವಾಗ ಇಂದಿಗೂ ಇದರ ಒಂದಲ್ಲ ಒಂದು ರೂಪವನ್ನು ಬಳಸುತ್ತವೆ. ಯಕ್ಷಗಾನದ ನೇರ ಪ್ರಸಾರಕ್ಕೆ 50 ಮೆಗಾಬಿಟ್ ಧಾರಾಳವಾಯಿತು.

## ಎರಡನೆಯ ಪಟ್ಟಿ ಇದ್ದರೆ

ಕೇಳುವುದಕ್ಕೆ ಒಂದು ಪಟ್ಟಿ, ಹೇಳುವುದಕ್ಕೆ ಇನ್ನೊಂದು ಪಟ್ಟಿ ಇದ್ದರೆ ಸರದಿಯ ಗೊಡವೆಯೇ ಇಲ್ಲ. ಆಗ ಸಿಗುವ ವೇಗ ಎರಡು ಹಾಪ್‌ಗಳಲ್ಲಿ ನಿಧಾನದ್ದು ಯಾವುದೋ ಅದರಷ್ಟು. ನಮ್ಮ ಉದಾಹರಣೆಯಲ್ಲಿ 100ರ ಬದಲು 150. ಮೂರು ಬ್ಯಾಂಡಿನ ಮೆಶ್ ಪೆಟ್ಟಿಗೆಗಳ ಬೆಲೆ ಹೆಚ್ಚಿರುವುದಕ್ಕೆ ಇದು ಕಾರಣ. ಅವುಗಳಲ್ಲಿ ಒಂದು ರೇಡಿಯೊವನ್ನು ಪೆಟ್ಟಿಗೆ ಪೆಟ್ಟಿಗೆಯ ನಡುವಿನ ಮಾತಿಗೇ ಮೀಸಲಿಡಬಹುದು. ಈ ಹಿಂಬದಿಯ ಸಂಪರ್ಕಕ್ಕೆ ಬ್ಯಾಕ್‌ಹಾಲ್ ಎಂದು ಹೆಸರು. ಎರಡು ಬ್ಯಾಂಡಿನ ರಿಪೀಟರಿನಲ್ಲೂ 5 ಗಿಗಾಹರ್ಟ್ಸ್‌ನಲ್ಲಿ ಪಡೆದು 2.4ರಲ್ಲಿ ಕೊಡುವಂತೆ ಹೊಂದಿಸಲು ಬರುತ್ತದೆ, ಆದರೆ 2.4ರ ಮೂರು ಚಾನೆಲ್‌ಗಳ ನೂಕುನುಗ್ಗಲು ಎದುರಾಗುತ್ತದೆ. ಅಲ್ಲಿ ಚಾನೆಲ್ಲಿನ ಅಗಲವನ್ನು 40 ಮೆಗಾಹರ್ಟ್ಸ್‌ಗೆ ಏರಿಸುವ ಆಸೆ ಬೇಡ. ಅಗಲ ಹೆಚ್ಚಿದಷ್ಟೂ ಹೆಚ್ಚು ನೆರೆಮನೆಗಳ ಜೊತೆ ಡಿಕ್ಕಿ.

## ಗೋಪುರದಿಂದ ಗೋಪುರಕ್ಕೆ

ಇದೇ ಲೆಕ್ಕ ನಗರದ ಮಟ್ಟದಲ್ಲೂ ನಡೆಯುತ್ತದೆ. ಮೊಬೈಲ್ ಗೋಪುರಕ್ಕೂ ಹಿಂಬದಿಯ ಸಂಪರ್ಕ ಬೇಕು. ಫೈಬರ್ ಇದ್ದರೆ ಉತ್ತಮ, ಆದರೆ ಮುಂಬಯಿಯಲ್ಲಿ ರಸ್ತೆ ಅಗೆಯುವುದು ಖರ್ಚಿನ, ಅನುಮತಿಯ ಕೆಲಸ. ಮಳೆಗಾಲದಲ್ಲಂತೂ ಸಾಮಾನ್ಯವಾಗಿ ಬಿಡುವುದಿಲ್ಲ. ಕಟ್ಟಡಗಳ ತಾರಸಿಯಲ್ಲಿ ಕಾಣುವ ದುಂಡಗಿನ ಬಿಳಿ ಆಂಟೆನಾಗಳು ಇಂಥ ಕಡೆ ಬೇರೆಯದೇ ಮೈಕ್ರೋವೇವ್ ಪಟ್ಟಿಯಲ್ಲಿ ಗೋಪುರದಿಂದ ಗೋಪುರಕ್ಕೆ ಮಾಹಿತಿ ದಾಟಿಸುತ್ತವೆ.

2020ರಲ್ಲಿ ಅಂತಿಮಗೊಂಡ 5ಜಿ ಮಾನದಂಡದ 16ನೆಯ ಆವೃತ್ತಿ ಇನ್ನೊಂದು ದಾರಿ ತೆರೆಯಿತು. ಜನರ ಫೋನುಗಳಿಗೆ ಕೊಡುವ ಅದೇ ಪಟ್ಟಿಯಲ್ಲೇ ಗೋಪುರಗಳ ನಡುವಿನ ಮಾತೂ ನಡೆಯಲಿ, ಹಂಚಿಕೆಯನ್ನು ಜಾಲವೇ ನೋಡಿಕೊಳ್ಳಲಿ ಎಂಬುದು ಅದರ ಬಗೆ. ಫೈಬರ್ ಇರುವ ಗೋಪುರ ದಾನಿ, ಅದರಿಂದ ಪಡೆಯುವ ಕಿರುಗೋಪುರ ರಿಲೇ. ರಿಲೇಯ ಸಮಯದ ತುಣುಕುಗಳಿಗೆ ಮೂರು ಗುರುತುಗಳಿರುತ್ತವೆ. ಕೆಲವು ಖಚಿತವಾಗಿ ಅದರದೇ, ತನ್ನ ಫೋನುಗಳಿಗೆ ಬಳಸಬಹುದು. ಕೆಲವು ಮೇಲಿನ ಗೋಪುರ ಬೇಡವೆಂದರೆ ಮಾತ್ರ ಅದಕ್ಕೆ. ಇನ್ನು ಕೆಲವನ್ನು ಮುಟ್ಟುವಂತಿಲ್ಲ, ಆಗ ಅದು ಕಿವಿಗೊಟ್ಟು ಕುಳಿತಿರಬೇಕು. ಸಂಜೆ ದಾದರ್ ಕಡೆ ಜನ ಸೇರಿದಾಗ ಒಂದು ಬಗೆ, ನಡುರಾತ್ರಿ ಇನ್ನೊಂದು ಬಗೆ ಎಂದು ಈ ಗುರುತುಗಳನ್ನು ಬದಲಾಯಿಸಲು ಅವಕಾಶವಿದೆ. ಇದು ಹೆಚ್ಚು ಹೊಂದುವುದು 26 ಗಿಗಾಹರ್ಟ್ಸ್‌ನಂಥ ಪಟ್ಟಿಗಳಿಗೆ. ಅಲ್ಲಿ ಅಗಲ ಧಾರಾಳ, ದೂರ ಮಾತ್ರ ಕಡಿಮೆ, ಹಾಗಾಗಿ ರಿಲೇ ಬೇಕೇ ಬೇಕು.

ಮೊಬೈಲ್ ಸಿಗ್ನಲ್ ಹೆಚ್ಚಿಸುತ್ತೇವೆಂದು ಮಾರಾಟವಾಗುವ ಬೂಸ್ಟರ್‌ಗಳನ್ನು ಇದರೊಂದಿಗೆ ಬೆರೆಸಬಾರದು. ಅವು ಮಾಹಿತಿಯನ್ನು ಬಿಡಿಸಿ ತಿದ್ದುವುದಿಲ್ಲ. ಬಂದ ಸಂಕೇತವನ್ನೂ ಗದ್ದಲವನ್ನೂ ಒಟ್ಟಿಗೆ ಹಿಗ್ಗಿಸಿ ಎಸೆಯುತ್ತವೆ, ಆ ಗದ್ದಲ ಗೋಪುರದ ಕಿವಿಗೂ ಬಿದ್ದು ಅಕ್ಕಪಕ್ಕದ ನೂರಾರು ಜನರ ಕರೆ ಕೆಡುತ್ತದೆ. ಅನುಮತಿಯಿಲ್ಲದೆ ಅವನ್ನು ಹಚ್ಚುವುದು ಭಾರತದಲ್ಲಿ ಕಾನೂನುಬಾಹಿರ.

## ಹಾಪ್ ಹೆಚ್ಚಾದಾಗ

ಮೂರು, ನಾಲ್ಕು, ಹತ್ತು ರಿಲೇಗಳ ಸರಪಳಿಯಾದರೆ? ಪ್ರತಿ ಹಾಪ್‌ಗೂ ವೇಗ ಕುಗ್ಗಿ ಕೊನೆಗೆ ಸೊನ್ನೆಯಾಗುತ್ತದೆ ಎಂದು ಹೆದರಬೇಕಿಲ್ಲ. ಸರಪಳಿ ಉದ್ದವಾದಾಗ ದೂರ ದೂರದ ಹಾಪ್‌ಗಳು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದ ಕಾರಣ ಒಂದೇ ಹೊತ್ತಿಗೆ ಕೆಲಸ ಮಾಡಬಹುದು. ಪ್ರತಿ ದನಿಯೂ ಪಕ್ಕದ ಸಾಧನದ ತನಕ ಮಾತ್ರ ಕೇಳಿಸುತ್ತದೆ ಎಂದಾದರೆ, ಪ್ರತಿ ಮೂರನೆಯ ಹಾಪ್ ಒಟ್ಟಿಗೆ ನಡೆದು ವೇಗ ಮೂರನೆಯ ಒಂದು ಭಾಗದಲ್ಲಿ ನಿಲ್ಲುತ್ತದೆ. ವಾಸ್ತವದಲ್ಲಿ ದನಿ ಇನ್ನೂ ದೂರ ಹರಡುವುದರಿಂದ ಅದಕ್ಕಿಂತ ಕಡಿಮೆ. ಆದರೆ ಎಲ್ಲರೂ ಎಲ್ಲರ ಮಾತನ್ನೂ ದಾಟಿಸುವ ದೊಡ್ಡ ಜಾಲಕ್ಕೆ ಒಂದು ಮಿತಿಯಿದೆ. ಪಿಯೂಷ್ ಗುಪ್ತ ಮತ್ತು ಮದ್ರಾಸ್ ಐಐಟಿಯಲ್ಲಿ ಓದಿದ ಪಿ. ಆರ್. ಕುಮಾರ್ 2000ದಲ್ಲಿ ಅದನ್ನು ಸಾಧಿಸಿ ತೋರಿಸಿದರು: ಸಾಧನಗಳು ನೂರು ಪಟ್ಟಾದರೆ ಒಬ್ಬೊಬ್ಬರ ಪಾಲು ಹೆಚ್ಚುಕಡಿಮೆ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಯಾವ ಹಾಪ್ ಯಾವಾಗ ಮಾತನಾಡಬೇಕು ಎಂದು ನಿರ್ಧರಿಸಲು ಸಂಶೋಧಕರಾದ ತಾಸಿಯುಲಾಸ್ ಮತ್ತು ಎಫ್ರೆಮೈಡಿಸ್ 1992ರಲ್ಲಿ ಒಂದು ನಿಯಮ ಕೊಟ್ಟರು. ಪ್ರತಿ ಹಾಪಿನ ಎರಡು ತುದಿಗಳಲ್ಲಿ ಕಾದಿರುವ ತುಣುಕುಗಳ ವ್ಯತ್ಯಾಸವನ್ನು ಆ ಹಾಪಿನ ವೇಗದಿಂದ ಗುಣಿಸಿ. ಯಾವುದು ಹೆಚ್ಚೋ ಅದಕ್ಕೆ ಸರದಿ. ನಮ್ಮ ಮನೆಯ ಉದಾಹರಣೆಯಲ್ಲಿ ರೂಟರಿನಲ್ಲಿ 40, ರಿಲೇಯಲ್ಲಿ 10 ತುಣುಕುಗಳಿವೆ ಎನ್ನಿ. ಮೊದಲ ಹಾಪಿನ ತೂಕ 30 ಗುಣಿಲೆ 300, ಅಂದರೆ 9,000. ಎರಡನೆಯದರದು 10 ಗುಣಿಲೆ 150, ಅಂದರೆ 1,500. ರೂಟರೇ ಕಳುಹಿಸಲಿ. ಕಳುಹಿಸುತ್ತಾ ರೂಟರಿನಲ್ಲಿ 30, ರಿಲೇಯಲ್ಲಿ 20 ಆದಾಗ ಎರಡೂ ತೂಕ 3,000ಕ್ಕೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಂದೆ ರಿಲೇಯ ಸರದಿ. ಮೂರರಲ್ಲಿ ಒಂದು, ಎರಡು ಎಂದು ಯಾರೂ ಮೊದಲೇ ಲೆಕ್ಕ ಹಾಕಿ ಕೊಡಬೇಕಾಗಿಲ್ಲ. ಸಾಲುಗಳ ಉದ್ದವೇ ಆ ಅನುಪಾತದ ಕಡೆಗೆ ನಡೆಸಿಕೊಂಡು ಹೋಗುತ್ತದೆ. ಇದರ ಬೆಲೆಯೆಂದರೆ ಸಾಲುಗಳು ಸದಾ ಒಂದಿಷ್ಟು ತುಂಬಿರಬೇಕು, ಅದರಿಂದ ವಿಳಂಬ ಹೆಚ್ಚು.

## ಮನೆಯಲ್ಲಿ ಅಳೆದು ನೋಡುವುದು

ಮೊದಲು ನಿಮ್ಮ ಪ್ಲಾನ್ ಎಷ್ಟರದು ನೋಡಿ. 50 ಮೆಗಾಬಿಟ್ಟಿನ ಪ್ಲಾನ್ ಇದ್ದು ರಿಲೇ 150 ಸಾಗಿಸುತ್ತಿದ್ದರೆ, ಅರ್ಧ ನುಂಗಿದ್ದರಿಂದ ನಿಮಗೇನೂ ನಷ್ಟವಿಲ್ಲ. ಇಕ್ಕಟ್ಟು ಹೊರಗಿನ ತಂತಿಯಲ್ಲಿದೆ. ಆಮೇಲೆ ಕೊನೆಯ ಕೋಣೆಯಲ್ಲಿ ರಿಪೀಟರಿನ ಸ್ವಿಚ್ ಆಫ್ ಮಾಡಿ, ಫೋನನ್ನು ನೇರ ರೂಟರಿಗೆ ಸೇರಿಸಿ ವೇಗ ಅಳೆಯಿರಿ. ರಿಪೀಟರ್ ಹಚ್ಚಿ ಅದರ ಮೂಲಕ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡನೆಯ ಅಂಕಿ ಕಡಿಮೆಯಿದ್ದರೆ ರಿಪೀಟರನ್ನು ರೂಟರಿನ ಕಡೆಗೆ ಒಂದು ಕೋಣೆ ಹಿಂದಕ್ಕೆ ತನ್ನಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಇನ್ನೊಮ್ಮೆ ಅಳೆದರೆ ನೆರೆಮನೆಗಳ ಪ್ರಭಾವವೂ ಗೊತ್ತಾಗುತ್ತದೆ. ಹೊಸ ಟವರಿನ ಮನೆಯಾದರೆ ಗೋಡೆಯೊಳಗೆ ಲ್ಯಾನ್ ತಂತಿಗೆ ಕೊಳವೆ ಬಿಟ್ಟಿದ್ದಾರೆಯೇ ಎಂದು ಎಲೆಕ್ಟ್ರೀಷಿಯನ್ನರನ್ನು ಕೇಳಿ. ಕೊನೆಯ ಕೋಣೆಗೆ ಒಂದು ತಂತಿ ಎಳೆದು ಅಲ್ಲಿ ಎರಡನೆಯ ರೂಟರನ್ನು ಕೂರಿಸಲು ಸಾಧ್ಯವಾದರೆ ಮೊದಲ ಹಾಪ್ ಗಾಳಿಯಿಂದ ಇಳಿದು ತಂತಿಗೆ ಹೋಗುತ್ತದೆ, ಇಡೀ ಗಾಳಿ ಫೋನುಗಳಿಗೆ ಉಳಿಯುತ್ತದೆ.